ಕೆಂಪು ದೀಪದಲ್ಲಿ ಚೆಂದ ಕಂಡ ಪ್ರಿಂಟ್ ಹೊರಗೆ ತಂದರೆ ಮಂಕೇಕೆ?

ಪ್ರಶ್ನೆ: ನಮ್ಮ ತಂದೆಗೆ ಫೋಟೊ ತೆಗೆಯುವ ಹುಚ್ಚಿತ್ತು. ಅವರು ತೀರಿಕೊಂಡ ಮೇಲೆ ಅಟ್ಟದಲ್ಲಿ ಒಂದು ಬಿಸ್ಕತ್ತಿನ ಡಬ್ಬದ ತುಂಬ ನೆಗೆಟಿವ್ ಸಿಕ್ಕವು. ಬಹುಪಾಲು ಕಪ್ಪು–ಬಿಳುಪು, ಕೆಲವು ಕಿತ್ತಳೆ ಬಣ್ಣದವು. ಕಿಟಕಿಗೆ ಹಿಡಿದರೆ ಮುಖ, ಸೀರೆಯ ನೆರಿಗೆ ಎಲ್ಲ ಕಾಣುತ್ತವೆ. ಇವನ್ನು ನಾನೇ ಪ್ರಿಂಟ್ ಹಾಕಬೇಕೆಂದು ಮುಚ್ಚಿಹೋದ ಸ್ಟುಡಿಯೊವೊಂದರಿಂದ ಎನ್ಲಾರ್ಜರ್ (ನೆಗೆಟಿವಿನ ಚಿತ್ರವನ್ನು ಪೇಪರಿನ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ), ಟ್ರೇಗಳನ್ನು ಕೊಂಡೆ. ಜೊತೆಗೆ ಹಳೆಯ ‘ಇಂದು’ ಹೆಸರಿನ ಫೋಟೊ ಪೇಪರಿನ ಅರ್ಧ ಪ್ಯಾಕೆಟ್ಟನ್ನು ಅವರೇ ಕೊಟ್ಟರು. ಹೊಸ ಮಲ್ಟಿಗ್ರೇಡ್ ಪೇಪರನ್ನೂ ತರಿಸಿದ್ದೇನೆ. ಬಚ್ಚಲುಮನೆಯ ಕಿಟಕಿಗೆ ಕಪ್ಪು ಬಟ್ಟೆ ಹೊಡೆದು, ಕೆಂಪು ಜೀರೋ ಬಲ್ಬ್ ಹಾಕಿಕೊಂಡು ಕೆಲಸ ಮಾಡುತ್ತೇನೆ. ಲೆನ್ಸನ್ನು ಪೂರ್ತಿ ತೆರೆದು 20 ಸೆಕೆಂಡ್ ಬೆಳಕು ಕೊಡುತ್ತೇನೆ. ಚಿತ್ರ ಮೂಡಿಸುವ ಡೆವಲಪರಿಗೆ ಹಾಕಿದ 15 ಸೆಕೆಂಡಿಗೇ ಚಿತ್ರ ಕಪ್ಪಾಗತೊಡಗುತ್ತದೆ, ಗಾಬರಿಯಲ್ಲಿ ಎತ್ತಿ, ಚಿತ್ರವನ್ನು ಕಾಯಂ ಮಾಡುವ ಹೈಪೋಗೆ ಹಾಕುತ್ತೇನೆ. ಕೆಂಪು ದೀಪದಲ್ಲಿ ಸರಿಯಾಗಿಯೇ ಕಾಣುತ್ತದೆ; ಹೊರಗೆ ತಂದರೆ ಬೂದಿ ಬಳಿದ ಹಾಗೆ, ಕಪ್ಪೂ ಇಲ್ಲ, ಬಿಳಿಯೂ ಇಲ್ಲ. ಫಿಲ್ಮೇ ಕೆಟ್ಟಿದೆ ಎಂದು ಒಬ್ಬರು, ಈ ಕಾಲದಲ್ಲಿ ಇದೆಲ್ಲ ಯಾಕೆ, ಸ್ಕ್ಯಾನ್ ಮಾಡಿಸಿ ಎಂದು ಇನ್ನೊಬ್ಬರು ಹೇಳುತ್ತಾರೆ. ಮನೆಯಲ್ಲಿ ಮೂರು ವರ್ಷದ ಮಗು ಇರುವುದರಿಂದ ರಾಸಾಯನಿಕಗಳ ಬಗ್ಗೆ ಹೆಂಡತಿಗೆ ಭಯ. ನಮ್ಮದು ಸೆಪ್ಟಿಕ್ ಟ್ಯಾಂಕಿನ ಮನೆ. ಮುಂದುವರಿಸಲೇ, ಬಿಡಲೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮುಂದುವರಿಸಿ. ನಿಮ್ಮ ನೆಗೆಟಿವ್ ಕೆಟ್ಟಿಲ್ಲ. ಅದಕ್ಕೆ ಸಾಕ್ಷಿ ನಿಮ್ಮ ಪತ್ರದಲ್ಲೇ ಇದೆ: ಕಿಟಕಿಗೆ ಹಿಡಿದಾಗ ಸೀರೆಯ ನೆರಿಗೆ ಕಾಣುವ ನೆಗೆಟಿವಿನಿಂದ ಒಳ್ಳೆಯ ಪ್ರಿಂಟ್ ಬಂದೇ ಬರುತ್ತದೆ. ನೀವು ಕೇಳಿರುವುದು ಎರಡು ವಿಷಯ. ಪ್ರಿಂಟ್ ಯಾಕೆ ಮಂಕಾಗುತ್ತಿದೆ ಎಂಬುದು ಒಂದು, ಮಗು ಇರುವ ಮನೆಯಲ್ಲಿ ಈ ಕೆಲಸ ಮಾಡಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮುಖ್ಯ ಕಾರಣವನ್ನು ನೀವೇ ಬರೆದಿದ್ದೀರಿ, ಆದರೆ ಅದು ಕಾರಣವೆಂದು ನಿಮಗೆ ಅನ್ನಿಸಿಲ್ಲ. “ಗಾಬರಿಯಲ್ಲಿ ಎತ್ತಿ” ಎಂಬುದೇ ಅದು.

ಡೆವಲಪರಿನಲ್ಲಿ ನಡೆಯುವುದು ಇಷ್ಟು. ಪೇಪರಿನ ಲೇಪದಲ್ಲಿರುವ ಬೆಳ್ಳಿಯ ಲವಣದ ಕಣಗಳಲ್ಲಿ ಬೆಳಕು ತಾಕಿದವನ್ನು ಡೆವಲಪರ್ ಕಪ್ಪು ಬೆಳ್ಳಿಯಾಗಿ ಬದಲಿಸುತ್ತದೆ. ಬೆಳಕು ಹೆಚ್ಚು ಬಿದ್ದ ಕಡೆ ಕೆಲಸ ಬೇಗ ಶುರುವಾಗುತ್ತದೆ, ಕಡಿಮೆ ಬಿದ್ದ ಕಡೆ ತಡವಾಗುತ್ತದೆ. ನಿಜವಾದ ಗಾಢ ಕಪ್ಪು ಕೂಡಿಬರಲು ಪೂರ್ತಿ ಸಮಯ ಬೇಕು. ಈಗಿನ ಪ್ಲಾಸ್ಟಿಕ್ ಲೇಪದ ಆರ್‌ಸಿ ಪೇಪರಿಗೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 60 ಸೆಕೆಂಡ್, ಹಳೆಯ ಮಾದರಿಯ ಫೈಬರ್ ಪೇಪರಿಗೆ ಎರಡು ನಿಮಿಷ. ನೀವು ಬೆಳಕನ್ನು ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕೊಡುತ್ತಿದ್ದೀರಿ. ಹಾಗಾಗಿ ಬೆಳ್ಳಗಿರಬೇಕಾದ ಜಾಗವೂ 15 ಸೆಕೆಂಡಿಗೆ ಬೂದಿಯಾಗುತ್ತದೆ. ಆಗ ಎತ್ತಿಬಿಟ್ಟರೆ ಕಪ್ಪಾಗಬೇಕಾದ ಜಾಗ ಅರ್ಧದಲ್ಲೇ ನಿಂತಿರುತ್ತದೆ. ಬಿಳಿ ಕೆಳಗಿಳಿದಿದೆ, ಕಪ್ಪು ಮೇಲೇರಿಲ್ಲ. ಎರಡೂ ಸೇರಿ ನಡುವಿನ ಬೂದಿಯಲ್ಲಿ ಸಿಕ್ಕಿಕೊಂಡಿವೆ. ಹತ್ತಿರದಿಂದ ನೋಡಿದರೆ ಅಲ್ಲಲ್ಲಿ ಪಟ್ಟೆಪಟ್ಟೆಯೂ ಕಾಣಬಹುದು, ಏಕೆಂದರೆ ದ್ರವ ಎಲ್ಲ ಕಡೆ ಸಮನಾಗಿ ಕೆಲಸ ಮಾಡುವಷ್ಟು ಹೊತ್ತು ನೀವು ಬಿಟ್ಟಿಲ್ಲ.

ಕೆಂಪು ದೀಪದಲ್ಲಿ ಸರಿಯಾಗಿ ಕಂಡದ್ದಕ್ಕೂ ಕಾರಣವಿದೆ. ಆ ಮಬ್ಬು ಬೆಳಕಿನಲ್ಲಿ ಬೂದಿ ಬಣ್ಣ ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ. ಹೋಲಿಸಿ ನೋಡಲು ಕಣ್ಣಿಗೆ ಅಲ್ಲಿ ನಿಜವಾದ ಬಿಳಿಯೇ ಸಿಗುವುದಿಲ್ಲ, ಎಲ್ಲವೂ ಕೆಂಪು. ಹಳೆಯ ಸ್ಟುಡಿಯೊಗಳಲ್ಲಿ ಕೈಪಳಗಿದವರು ಕೆಂಪು ದೀಪದಲ್ಲೇ ನೋಡಿ ಎತ್ತುತ್ತಿದ್ದರು ನಿಜ. ಅದೇ ಪೇಪರ್, ಅದೇ ಡೆವಲಪರಿನಲ್ಲಿ ವರ್ಷಗಟ್ಟಲೆ ಪಾಸ್‌ಪೋರ್ಟ್ ಫೋಟೊ ಹಾಕಿದವರ ಕಣ್ಣು ಅದು. ಸಂಜೆಯೊಳಗೆ ಗಿರಾಕಿಗೆ ಕೊಡಬೇಕಾದ ತುರ್ತಿನಲ್ಲಿ ಅವರೂ ಎಷ್ಟೋ ಸಲ ಹಾಗೆ ಎತ್ತಿ ಪಾರಾಗುತ್ತಿದ್ದರು ಅಷ್ಟೆ. ಅದನ್ನು ವಿದ್ಯೆಯೆಂದು ಕಲಿಯಬೇಡಿ.

ನನ್ನ ಹತ್ತಿರ ಕಲಿಯಲು ಬರುವವರಿಗೆಲ್ಲ ಮೊದಲು ಹೇಳುವುದು ಇದನ್ನೇ: ಡೆವಲಪರಿನ ಸಮಯ ನಿಮ್ಮ ಕೈಯಲ್ಲಿಲ್ಲ ಎಂದುಕೊಳ್ಳಿ. ಪೇಪರ್ ಕಪ್ಪಾಗಿ ಮುಳುಗಿಹೋದರೂ ಸರಿ, ಬೆಳ್ಳಗೇ ಉಳಿದರೂ ಸರಿ, 60 ಸೆಕೆಂಡ್ ಆಗುವವರೆಗೆ ಟ್ರೇಯನ್ನು ಮೆಲ್ಲಗೆ ಅಲುಗಿಸುತ್ತ ನಿಲ್ಲಿ. ಹೆಚ್ಚುಕಡಿಮೆ ಮಾಡುವುದೆಲ್ಲ ಎನ್ಲಾರ್ಜರಿನ ಕೆಳಗೆ, ಮುಂದಿನ ಹಾಳೆಗೆ. ಇದೊಂದು ಕೂತರೆ ನಿಮ್ಮ ತೊಂದರೆಯ ಮುಕ್ಕಾಲು ಪಾಲು ಅಲ್ಲೇ ಮುಗಿಯುತ್ತದೆ.

ಈಗ ಎನ್ಲಾರ್ಜರಿಗೆ ಬರೋಣ. ಲೆನ್ಸ್ ಪೂರ್ತಿ ತೆರೆದಿಡುವುದು ಫೋಕಸ್ ಮಾಡುವಾಗ ಮಾತ್ರ. ಬೆಳಕು ಕೊಡುವಾಗ ಎರಡು ಮೂರು ಮೆಟ್ಟಿಲು ಇಳಿಸಿ, 8ರ ಅಪರ್ಚರಿಗೆ (ಲೆನ್ಸಿನ ತೆರಪು; ಸಂಖ್ಯೆ ದೊಡ್ಡದಾದಷ್ಟೂ ತೆರಪು ಕಿರಿದು) ತನ್ನಿ. 2.8ರಿಂದ 8ಕ್ಕೆ ಬಂದರೆ ಬೆಳಕು ಎಂಟನೇ ಒಂದು ಭಾಗವಾಗುತ್ತದೆ, ಅಂಚುಗಳೂ ಚುರುಕಾಗುತ್ತವೆ. ಆಮೇಲೆ ಪಟ್ಟಿ ಪರೀಕ್ಷೆ. ಒಂದು ಹಾಳೆಯನ್ನು ಉದ್ದುದ್ದ ನಾಲ್ಕು ಪಟ್ಟಿಯಾಗಿ ಕತ್ತರಿಸಿ, ಒಂದನ್ನು ಮುಖ ಬೀಳುವ ಜಾಗದಲ್ಲಿಡಿ. ಆಕಾಶದ ಮೇಲೋ ಗೋಡೆಯ ಮೇಲೋ ಇಟ್ಟರೆ ಪ್ರಯೋಜನವಿಲ್ಲ. ರಟ್ಟಿನಿಂದ ಸ್ವಲ್ಪ ಸ್ವಲ್ಪವೇ ಮುಚ್ಚುತ್ತ 5, 10, 20, 40 ಸೆಕೆಂಡ್ ಬೀಳುವ ಹಾಗೆ ಬೆಳಕು ಕೊಡಿ. ಪ್ರತಿ ಹಂತಕ್ಕೂ ಇಮ್ಮಡಿಯಾಗಲಿ. 5, 10, 15, 20 ಎಂದು ಹೋದರೆ ಕೊನೆಯ ಎರಡು ಹಂತಗಳ ನಡುವೆ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ಪೂರ್ತಿ 60 ಸೆಕೆಂಡ್ ಡೆವಲಪ್ ಮಾಡಿ, ಡೆವಲಪರಿನ ಕೆಲಸ ನಿಲ್ಲಿಸುವ ಸ್ಟಾಪ್, ಆಮೇಲೆ ಹೈಪೋ ಮುಗಿಸಿ, ಬಿಳಿ ದೀಪದಲ್ಲಿ ನೋಡಿ. ಬಿಳಿ ದೀಪ ಹಾಕುವ ಮುಂಚೆ ಪೇಪರಿನ ಪ್ಯಾಕೆಟ್ ಮುಚ್ಚಿದೆಯೇ ಎಂದು ಎರಡು ಸಲ ನೋಡಿಕೊಳ್ಳಿ.

ಪಟ್ಟಿಯಲ್ಲಿ ಕಪ್ಪನ್ನು ನೋಡಬೇಡಿ. ಬಿಳಿಯ ಕಡೆ ನೋಡಿ: ಬಿಳಿ ಪಂಚೆ, ಹಣೆಯ ಹೊಳಪು, ಹೂವು. ಬರಿ ಪೇಪರಿಗಿಂತ ಒಂದೇ ಒಂದು ಎಳೆ ಬೂದಿ ಬಂದು, ನೇಯ್ಗೆ ತೋರುವ ಹಂತ ಯಾವುದೋ ಅದೇ ನಿಮ್ಮ ಸಮಯ. ಅಲ್ಲಿಗೆ ಬಿಳಿ ಸಿಕ್ಕಿತು. ಕಪ್ಪನ್ನು ಸರಿಮಾಡುವುದು ಫಿಲ್ಟರಿನಿಂದ.

ಮಲ್ಟಿಗ್ರೇಡ್ ಎಂಬ ಹೆಸರಿನ ಅರ್ಥವೇ ಇಲ್ಲಿದೆ. ಆ ಪೇಪರಿನ ಲೇಪ ಹಸಿರು ಬೆಳಕಿಗೂ ನೀಲಿ ಬೆಳಕಿಗೂ ಬೇರೆಬೇರೆಯಾಗಿ ಸ್ಪಂದಿಸುತ್ತದೆ. ಹಳದಿ ಫಿಲ್ಟರ್ ಇಟ್ಟರೆ ನೀಲಿ ತಡೆದು ಮೃದುವಾದ (ಕಪ್ಪು, ಬಿಳಿಗಳ ಅಂತರ ಕಡಿಮೆಯಿರುವ) ಚಿತ್ರ, ಮಜೆಂತಾ ಇಟ್ಟರೆ ಹಸಿರು ತಡೆದು ಗಡುಸಾದ ಚಿತ್ರ. ಫಿಲ್ಟರ್‌ಗಳಿಗೆ 00ಯಿಂದ 5ರವರೆಗೆ ಸಂಖ್ಯೆ ಇರುತ್ತದೆ. ಏನೂ ಇಡದಿದ್ದರೆ ಸುಮಾರು 2ಕ್ಕೆ ಸಮ. ಬಿಳಿ ಸರಿಯಿದ್ದು ಕಪ್ಪು ಸಾಲದಿದ್ದರೆ 3 ಇಡಿ, ಇನ್ನೂ ಸಾಲದಿದ್ದರೆ ಮೂರೂವರೆ. ಇಲ್‌ಫೋರ್ಡ್ ಫಿಲ್ಟರ್‌ಗಳಲ್ಲಿ ಅಲ್ಲಿಯವರೆಗೆ ಸಮಯ ಹೆಚ್ಚುಕಡಿಮೆ ಅದೇ ಇರುತ್ತದೆ, 4 ಮತ್ತು 5ಕ್ಕೆ ಮಾತ್ರ ಇಮ್ಮಡಿ ಕೊಡಬೇಕು. ನಿಮ್ಮ ಎನ್ಲಾರ್ಜರಿನ ತಲೆಯಲ್ಲಿ ಫಿಲ್ಟರ್ ಇಡುವ ಸಣ್ಣ ಡ್ರಾಯರ್ ಇದೆಯೇ ನೋಡಿ; ಇಲ್ಲದಿದ್ದರೆ ಲೆನ್ಸಿನ ಕೆಳಗೆ ಹಿಡಿದರೂ ನಡೆಯುತ್ತದೆ, ಆದರೆ ಗೀರು, ಬೆರಳಿನ ಗುರುತು ಇರಬಾರದು.

ಮಂಕಿಗೆ ಎರಡನೆಯ ಕಾರಣವೂ ಸೇರಿರಬಹುದು ಎಂಬ ಅನುಮಾನ ನನಗಿದೆ: ನಿಮ್ಮ ಜೀರೋ ಬಲ್ಬ್. ಡಾರ್ಕ್‌ರೂಮಿನ ಕೆಂಪು ದೀಪವೆಂದರೆ ಯಾವುದೇ ಕೆಂಪು ದೀಪವಲ್ಲ. ಕಪ್ಪು–ಬಿಳುಪು ಪೇಪರಿಗೆ ಕೆಂಪು ಕಾಣದು, ನೀಲಿ ಹಸಿರು ಕಾಣುತ್ತವೆ. ಗಾಜಿಗೆ ಬಳಿದ ಕೆಂಪು ಬಣ್ಣ ಚಕ್ಕೆ ಎದ್ದಿದ್ದರೆ ಅಲ್ಲಿಂದ ಬಿಳಿ ಬೆಳಕು ಸೋರುತ್ತದೆ. ಈಗ ಬರುವ ಕೆಲವು ಎಲ್‌ಇಡಿ ಬಲ್ಬ್‌ಗಳ ಒಳಗಿರುವುದು ಬಿಳಿ ಎಲ್‌ಇಡಿ, ಮೇಲಿನ ಪ್ಲಾಸ್ಟಿಕ್ ಮಾತ್ರ ಕೆಂಪು. ಒಂದು ಹಳೆಯ ಸಿಡಿಯ ಹೊಳೆಯುವ ಬದಿಯಲ್ಲಿ ಬಲ್ಬಿನ ಪ್ರತಿಬಿಂಬ ನೋಡಿ. ಬರಿಯ ಕೆಂಪು ಪಟ್ಟೆ ಕಂಡರೆ ಒಳ್ಳೆಯದು. ಹಸಿರು, ನೀಲಿಯ ಛಾಯೆ ಕಂಡರೆ ಆ ಬಲ್ಬ್ ಬೇಡ.

ಪೇಪರಿನಿಂದಲೇ ಸಾಕ್ಷಿ ಹೇಳಿಸಬೇಕೆಂದರೆ ಹೊಸ ಪೇಪರಿನ ಮೂರು ತುಂಡು ಸಾಕು. ಒಂದನ್ನು ನೇರ ಹೈಪೋಗೆ ಹಾಕಿ, ಅದು ಆ ಪೇಪರ್ ಕೊಡಬಲ್ಲ ಅತಿ ಬಿಳಿ. ಎರಡನೆಯದನ್ನು ಪೂರ್ತಿ ಕತ್ತಲಲ್ಲಿ ಡೆವಲಪ್ ಮಾಡಿ ಹೈಪೋಗೆ ಹಾಕಿ. ಇದು ಮೊದಲಿನದಕ್ಕಿಂತ ಬೂದಿಯಾಗಿದ್ದರೆ ಪೇಪರೇ ಹಳಸಿದೆ, ಇಲ್ಲವೇ ಕೋಣೆಗೆ ಬೆಳಕು ನುಗ್ಗುತ್ತಿದೆ. ಮೂರನೆಯದಕ್ಕೆ ಎನ್ಲಾರ್ಜರಿನಿಂದ ತೆಳುಬೂದಿ ಬರುವಷ್ಟೇ ಬೆಳಕು ಕೊಟ್ಟು, ಮೇಲೊಂದು ನಾಣ್ಯವಿಟ್ಟು, ಐದು ನಿಮಿಷ ಕೆಂಪು ದೀಪದ ಕೆಳಗೆ ಬಿಟ್ಟು ಡೆವಲಪ್ ಮಾಡಿ. ನಾಣ್ಯದ ಗುರುತು ಮೂಡಿದರೆ ದೀಪ ಕೆಟ್ಟದ್ದು. ಮೊದಲು ತುಸು ಬೆಳಕು ಕೊಡುವುದೇಕೆಂದರೆ ಖಾಲಿ ಪೇಪರ್ ಸಣ್ಣ ಸೋರಿಕೆಯನ್ನು ತಡೆದುಕೊಳ್ಳುತ್ತದೆ, ಆಗಲೇ ಬೆಳಕು ತಿಂದ ಪೇಪರ್ ತಡೆದುಕೊಳ್ಳುವುದಿಲ್ಲ. ನಿಮ್ಮ ಚಿತ್ರವಿರುವ ಪೇಪರ್ ಎರಡನೆಯ ಜಾತಿಯದು.

‘ಇಂದು’ ಪ್ಯಾಕೆಟ್ಟಿನ ಬಗ್ಗೆ. ಉದಕಮಂಡಲದ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ಸರಕು ಅದು. 1960ರಲ್ಲಿ ಕೇಂದ್ರ ಸರ್ಕಾರ ಕಟ್ಟಿದ ಕಂಪನಿ. ಒಂದು ಕಾಲಕ್ಕೆ ನಮ್ಮ ಸಣ್ಣ ಊರುಗಳ ಸ್ಟುಡಿಯೊಗಳಲ್ಲಿ ಅದರ ಪೇಪರ್ ಧಾರಾಳವಾಗಿ ಓಡುತ್ತಿತ್ತು. ಈಗ ಕಾರ್ಖಾನೆಯೂ ಇಲ್ಲ, ನಿಮ್ಮ ಪ್ಯಾಕೆಟ್ ದಶಕಗಳನ್ನು ಕಂಡಿರಬೇಕು. ಶಾಖ, ತೇವದಲ್ಲಿ ಅಷ್ಟು ವರ್ಷ ಕಳೆದ ಪೇಪರ್ ಬೆಳಕು ಕಾಣದೆಯೂ ತಾನಾಗಿ ಬೂದಿಗಟ್ಟುತ್ತದೆ. ಡೆವಲಪರಿಗೆ ಬೆಂಜೋಟ್ರಯಜೋಲ್ ಎಂಬ ರಾಸಾಯನಿಕವನ್ನು ಚೂರು ಸೇರಿಸಿ ಆ ಬೂದಿಯನ್ನು ತಕ್ಕಮಟ್ಟಿಗೆ ತಡೆಯಬಹುದು, ಆದರೆ ಕಲಿಯುವಾಗ ಈ ರಗಳೆ ಬೇಡ. ತಪ್ಪು ನಿಮ್ಮದೋ ಪೇಪರಿನದೋ ಎಂದು ತಿಳಿಯುವುದೇ ಇಲ್ಲ. ಎತ್ತಿಡಿ. ಮುಂದೆ ಎಲೆ, ಹೂವು, ಬೀಗದಕೈ ಇಟ್ಟು ನೆರಳು ಚಿತ್ರ ಮಾಡಿ ಆಡಲು ಆದೀತು.

ಶಿವಮೊಗ್ಗದಂಥ ಊರಿನಲ್ಲಿ ಕೆಲಸ ಮಾಡುವವರಿಗೆ ವಿದೇಶಿ ಪುಸ್ತಕಗಳು ಹೇಳದ ಒಂದೆರಡು ತೊಡಕುಗಳಿವೆ. ವೋಲ್ಟೇಜ್ ಅದರಲ್ಲಿ ದೊಡ್ಡದು. ಎನ್ಲಾರ್ಜರಿನ ತಂತಿ ಬಲ್ಬಿಗೆ ವೋಲ್ಟೇಜ್ ಶೇ 10 ಇಳಿದರೆ ಬೆಳಕು ಹತ್ತಿರಹತ್ತಿರ ಶೇ 30 ಇಳಿಯುತ್ತದೆ. ಮೇಲಾಗಿ ಬೆಳಕು ಹಳದಿಗೆ ತಿರುಗುವುದರಿಂದ ಮಲ್ಟಿಗ್ರೇಡ್ ಪೇಪರಿನಲ್ಲಿ ಚಿತ್ರ ಮೆತ್ತಗಾಗುತ್ತದೆ. ಪಟ್ಟಿ ಪರೀಕ್ಷೆಯಲ್ಲಿ ಚೆಂದ ಬಂದದ್ದು ಪ್ರಿಂಟಿನಲ್ಲಿ ಬರಲಿಲ್ಲವೆಂದು ತಲೆ ಕೆಡಿಸಿಕೊಳ್ಳುವವರಲ್ಲಿ ಎಷ್ಟೋ ಜನರ ಮನೆಯಲ್ಲಿ ಆ ಹೊತ್ತಿಗೆ ನೀರಿನ ಮೋಟರ್ ಓಡುತ್ತಿರುತ್ತದೆ. ಒಂದು ಸ್ಟೆಬಿಲೈಸರ್ ಇಡಿ, ಇಲ್ಲವೇ ಮೋಟರ್, ಗೀಸರ್ ಆರಿಸಿ ಕೂರಿ.

ಶಾಖದ ಬಗ್ಗೆ ಅಷ್ಟು ಹೆದರಬೇಕಿಲ್ಲ. ಬೇಸಿಗೆಯಲ್ಲಿ ನಲ್ಲಿ ನೀರು 28 ಡಿಗ್ರಿ ಇದ್ದರೂ ಆರ್‌ಸಿ ಪೇಪರ್ ಡೆವಲಪ್ ಆಗುತ್ತದೆ, ಬೇಗ ಆಗುತ್ತದೆ ಅಷ್ಟೆ. ಮುಖ್ಯವಾದದ್ದು ಸಂಜೆಯಿಡೀ ಒಂದೇ ಉಷ್ಣತೆ ಇರುವುದು. ಟ್ರೇಯನ್ನು ದೊಡ್ಡ ತಟ್ಟೆ ನೀರಿನಲ್ಲಿ ಕೂರಿಸಿ, ಬಿಗಿಯಾಗಿ ಮುಚ್ಚಿದ ಮಂಜುಗಡ್ಡೆಯ ಬಾಟಲಿಯನ್ನು ಆ ಹೊರಗಿನ ನೀರಿಗೆ ಬಿಡಿ. ಡೆವಲಪರಿಗೇ ಐಸ್ ಹಾಕಿದರೆ ಅದು ತೆಳುವಾಗುತ್ತದೆ. ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಹೆಚ್ಚಿದ್ದರೆ ಡೆವಲಪರ್ ಹಾಲಿನಂತೆ ಮಬ್ಬಾಗಿ ತಳದಲ್ಲಿ ಗಸಿ ಕೂರುತ್ತದೆ. ಕಲಸಲು ಕುಡಿಯುವ ಫಿಲ್ಟರ್ ನೀರು ಬಳಸಿ, ತೊಳೆಯಲು ಬೋರ್ ನೀರೇ ಸಾಕು.

ಇನ್ನು ನಿಮ್ಮ ಹೆಂಡತಿಯ ಭಯ. ಅದು ಅರ್ಧ ನ್ಯಾಯವಾದದ್ದು. ಕಪ್ಪು–ಬಿಳುಪು ಪ್ರಿಂಟಿನ ರಾಸಾಯನಿಕಗಳು ಉಸಿರು ಕಟ್ಟಿಸುವ ಘೋರ ವಿಷಗಳೆಂಬ ಮಾತು ಉತ್ಪ್ರೇಕ್ಷೆ. ಏನೂ ಆಗುವುದಿಲ್ಲ ಎಂದು ಬರಿಗೈ ಅದ್ದುವ ಹಳೆಯ ಸ್ಟುಡಿಯೊದವರ ಧೈರ್ಯವೂ ತಪ್ಪು. ಹಲವು ಡೆವಲಪರುಗಳಲ್ಲಿರುವ ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಒಮ್ಮೆ ತುರಿಕೆ, ಬಿರುಕು ಶುರುವಾದರೆ ಮುಂದೆ ಸ್ವಲ್ಪ ತಾಕಿದರೂ ಏಳುತ್ತದೆ. ಹೀಗೆ ಕೈ ಕೆಟ್ಟು ಕೆಲಸವನ್ನೇ ಬಿಟ್ಟವರನ್ನು ನೋಡಿದ್ದೇನೆ. ಇಕ್ಕಳ, ಕೈಗವಸು ಎರಡನ್ನೂ ಬಳಸಿ, ಪ್ರತಿ ಟ್ರೇಗೂ ಬೇರೆ ಇಕ್ಕಳ ಇರಲಿ. ಹೈಪೋದ ವಾಸನೆ ಉಬ್ಬಸ ಇರುವವರಿಗೆ ತೊಂದರೆ ಕೊಡುತ್ತದೆ, ಅದರಲ್ಲೂ ಆಮ್ಲ ಬೆರೆತ ಹೈಪೋ. ಗಂಟೆಗೊಮ್ಮೆ ಬಾಗಿಲು ತೆರೆದು ಹೊರಗೆ ಬನ್ನಿ, ಕೆಲಸ ಮುಗಿದ ಮೇಲೆ ಕಿಟಕಿ ತೆರೆದಿಟ್ಟು ನೆಲ ತೊಳೆಯಿರಿ.

ನಿಜವಾದ ಅಪಾಯ ಬೇರೆ ಕಡೆ ಇದೆ. ನಮ್ಮ ಮನೆಗಳಲ್ಲಿ ಫಿನಾಯಿಲಿನಿಂದ ಹಿಡಿದು ಸೀಮೆಎಣ್ಣೆಯವರೆಗೆ ಎಲ್ಲವನ್ನೂ ತುಂಬಿಡುವುದು ಖಾಲಿ ತಂಪುಪಾನೀಯದ ಬಾಟಲಿಯಲ್ಲಿ. ಮೂರು ವರ್ಷದ ಮಗು ಬಾಟಲಿಯ ಆಕಾರ ನೋಡಿ ಬಾಯಿಗಿಡುತ್ತದೆ. ಡೆವಲಪರಿನ ಹೈಡ್ರೋಕ್ವಿನೋನ್ ಹೊಟ್ಟೆಗೆ ಹೋಗಬಾರದ ವಸ್ತು. ಗಾಢ ಬಣ್ಣದ ರಾಸಾಯನಿಕದ ಬಾಟಲಿ, ದಪ್ಪ ಅಕ್ಷರದ ಚೀಟಿ, ಬೀಗ ಹಾಕುವ ಕಪಾಟು, ಈ ಮೂರೂ ಆಗುವವರೆಗೆ ಕೆಲಸ ಶುರುಮಾಡಬೇಡಿ. ಅಡುಗೆಮನೆಯಿಂದ ತಂದ ಅಳತೆಯ ಲೋಟ, ಚಮಚ ಮತ್ತೆ ಅಲ್ಲಿಗೆ ಹೋಗಕೂಡದು.

ಡೆವಲಪರನ್ನು ಪುಡಿಗಳಿಂದ ನೀವೇ ಕಲಸಬಹುದೇ ಎಂದು ಮುಂದೆ ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಕೊಡಕ್‌ನ ಡಿ–72 ಸೂತ್ರ ಎಲ್ಲರಿಗೂ ಗೊತ್ತಿರುವಂಥದ್ದು: ಒಂದು ಲೀಟರಿಗೆ ಮೆಟಾಲ್ 3 ಗ್ರಾಂ, ನೀರಿಲ್ಲದ ಸೋಡಿಯಂ ಸಲ್ಫೈಟ್ 45, ಹೈಡ್ರೋಕ್ವಿನೋನ್ 12, ನೀರಿಲ್ಲದ ಸೋಡಿಯಂ ಕಾರ್ಬೊನೇಟ್ 67.5, ಪೊಟ್ಯಾಸಿಯಂ ಬ್ರೋಮೈಡ್ ಸುಮಾರು 2 ಗ್ರಾಂ. ಬಳಸುವಾಗ ಒಂದಕ್ಕೆ ಎರಡು ಪಾಲು ನೀರು. ಕಾಲೇಜುಗಳಿಗೆ ಪ್ರಯೋಗಾಲಯದ ಸಾಮಾನು ಕೊಡುವ ಅಂಗಡಿಗಳಲ್ಲಿ ಪುಡಿ ಸಿಗುತ್ತವೆ, ಖರ್ಚು ಕಡಿಮೆ. ಆದರೆ ಪುಡಿ ತೂಗುವಾಗ ಏಳುವ ಧೂಳೇ ದ್ರವಕ್ಕಿಂತ ಹೆಚ್ಚು ಅಪಾಯ. ಮಗು ದೊಡ್ಡದಾಗುವವರೆಗೆ ಸಿದ್ಧ ದ್ರವವನ್ನೇ ಕೊಳ್ಳಿ ಎಂಬುದು ನನ್ನ ಸಲಹೆ. ಸ್ಟಾಪ್‌ಗೆ ಮಾತ್ರ ಬೇರೇನೂ ಕೊಳ್ಳಬೇಕಿಲ್ಲ: ಅಡುಗೆಯ ಬಿಳಿ ವಿನೆಗರ್ ಒಂದು ಪಾಲಿಗೆ ಎರಡು ಪಾಲು ನೀರು. ಸಿದ್ಧ ರ‍್ಯಾಪಿಡ್ ಫಿಕ್ಸರಿನಲ್ಲಿ (ಹೈಪೋದ ಕೆಲಸವನ್ನೇ ಬೇಗ ಮಾಡುವ ದ್ರವ) ಆರ್‌ಸಿ ಪೇಪರಿಗೆ ಅರ್ಧ ನಿಮಿಷ ಸಾಕು, ಹರಳು ಹೈಪೋ ಆದರೆ ಐದಾರು ನಿಮಿಷ. ಆಮೇಲೆ ಹರಿಯುವ ನೀರಿನಲ್ಲಿ ಎರಡು ನಿಮಿಷ.

ಸೆಪ್ಟಿಕ್ ಟ್ಯಾಂಕಿಗೆ ಇವನ್ನು ಬಿಡಬೇಡಿ. ಬಳಸಿದ ಹೈಪೋದಲ್ಲಿ ಕರಗಿದ ಬೆಳ್ಳಿ ಇರುತ್ತದೆ, ಅದು ಟ್ಯಾಂಕಿನ ಕೆಲಸ ಮಾಡುವ ಸೂಕ್ಷ್ಮಜೀವಿಗಳಿಗೆ ಹಾನಿ ಮಾಡಬಹುದು; ಗಿಡದ ಬುಡ, ಬಾವಿಯ ಹತ್ತಿರವಂತೂ ಚೆಲ್ಲಲೇಬಾರದು. ಒಂದು ಕ್ಯಾನಿನಲ್ಲಿ ಕೂಡಿಡಿ. ಎಕ್ಸ್‌ರೇ ಘಟಕಗಳ ಹಳೆಯ ಹೈಪೋ, ಫಿಲ್ಮ್ ಕೊಂಡು ಬೆಳ್ಳಿ ತೆಗೆಯುವವರು ಇದ್ದಾರೆ, ಅವರಿಗೆ ಕೊಡಬಹುದು. ಡೆವಲಪರನ್ನು ಬೇರೆ ಕ್ಯಾನಿನಲ್ಲಿ ಇಟ್ಟು, ಊರಿನ ಒಳಚರಂಡಿಗೆ ಸೇರುವ ಕಡೆ ಧಾರಾಳ ನೀರಿನೊಂದಿಗೆ ಬಿಡಿ.

ಸ್ಕ್ಯಾನ್ ಮಾಡಿಸಿ ಎಂದ ನಿಮ್ಮ ಗೆಳೆಯರ ಮಾತನ್ನೂ ತಳ್ಳಿಹಾಕಬೇಡಿ, ಅವರು ಹೇಳಿದ ಕಾರಣ ತಪ್ಪು ಅಷ್ಟೆ. ಪ್ರಿಂಟ್ ಹಾಕುವ ಮೊದಲೇ ತಂದೆಯವರ ನೆಗೆಟಿವ್‌ಗಳನ್ನೆಲ್ಲ ಒಂದು ಸಲ ಸ್ಕ್ಯಾನ್ ಮಾಡಿಸಿಡಿ. ಕಲಿಯುವ ಕೈಯಲ್ಲಿ ನೆಗೆಟಿವ್ ಗೀರಾಗುತ್ತದೆ, ನೆಗೆಟಿವ್ ಹಿಡಿಯುವ ಕ್ಯಾರಿಯರಿನಲ್ಲಿ ಎಳೆದಾಡುವಾಗ ಧೂಳು ಉಜ್ಜುತ್ತದೆ, ಬಲ್ಬಿನ ಕಾವಿಗೆ ಬಾಗುತ್ತದೆ. ಅಭ್ಯಾಸಕ್ಕೆ ಬೇರೆ ನೆಗೆಟಿವ್ ಬೇಕು. ಹೊಸದೊಂದು ಕಪ್ಪು–ಬಿಳುಪು ರೀಲು ಹಾಕಿ ಮನೆಯವರನ್ನೇ ತೆಗೆದು ತೊಳೆಸಿ, ಅದರಲ್ಲಿ ಕೈ ಕುದುರಲಿ. ಡಬ್ಬದ ನೆಗೆಟಿವ್‌ಗಳಲ್ಲಿ ಜೇಡರ ಬಲೆಯಂಥ ಗುರುತಿದ್ದರೆ ಅದು ಬೂಷ್ಟು. ಮಲೆನಾಡಿನ ಅಂಚಿನ ತೇವಕ್ಕೆ ಅಟ್ಟದಲ್ಲಿ ಅದು ಬಾರದೆ ಇದ್ದರೇ ಆಶ್ಚರ್ಯ. ಅಂಥವನ್ನು ನೀರಿನಲ್ಲಿ ತೊಳೆಯಬೇಡಿ. ಬೂಷ್ಟು ತಿಂದ ಜೆಲಟಿನ್ ನೀರಿನಲ್ಲಿ ಕರಗಿ ಚಿತ್ರವೇ ಹೋಗಬಹುದು. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ, ಸಿಲಿಕಾ ಜೆಲ್ ಜೊತೆ ಒಣ ಜಾಗದಲ್ಲಿಡಿ. ಡಬ್ಬ ತೆರೆದಾಗ ವಿನೆಗರ್ ವಾಸನೆ ಬಂದರೆ ಫಿಲ್ಮಿನ ಆಧಾರವೇ ಕೊಳೆಯತೊಡಗಿದೆ ಎಂದರ್ಥ. ಆ ಸುರುಳಿಗಳನ್ನು ಬೇರೆ ಮಾಡಿ, ಸ್ಕ್ಯಾನಿಗೆ ಮೊದಲು ಅವನ್ನೇ ಕಳಿಸಿ.

ಕಿತ್ತಳೆ ಬಣ್ಣದವು ಕಲರ್ ನೆಗೆಟಿವ್‌ಗಳು. ಅವನ್ನೂ ಇದೇ ಪೇಪರಿನ ಮೇಲೆ ಹಾಕಿ ನೋಡಿದ್ದರೆ ಅಲ್ಲಿ ಮಂಕು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಆ ಕಿತ್ತಳೆ ಛಾಯೆ ನೀಲಿ, ಹಸಿರು ಬೆಳಕನ್ನು ತಡೆಯುತ್ತದೆ, ಅಂದರೆ ಪೇಪರಿಗೆ ಕಾಣುವ ಬೆಳಕನ್ನೇ. ಸಮಯ ಹಲವು ಪಟ್ಟು ಬೇಕು, 4 ಅಥವಾ 5ರ ಫಿಲ್ಟರ್ ಇಟ್ಟರೂ ಚಿತ್ರ ಮೆತ್ತಗೆ, ಹರಳುಹರಳಾಗಿ ಬರುತ್ತದೆ. ಈ ಕೆಲಸಕ್ಕೆಂದೇ ಕೊಡಕ್ ಪ್ಯಾನಲ್ಯೂರ್ ಎಂಬ ಪೇಪರ್ ಮಾಡುತ್ತಿತ್ತು, ಈಗ ಅದು ಬರುವುದಿಲ್ಲ. ಅವನ್ನು ಸ್ಕ್ಯಾನಿಗೇ ಬಿಟ್ಟುಬಿಡಿ, ಡಾರ್ಕ್‌ರೂಮಿಗೆ ಕಪ್ಪು–ಬಿಳುಪು ಮಾತ್ರ ತನ್ನಿ.